ಸೂಖ್ ಸುತ್ತಾಟ: ಹವಲ್ಲಿಯಲ್ಲಿ ನಲವತ್ತು ಪಿನ್ನಿನ ಹುಡುಕಾಟ



ವರ್ಷಕ್ಕೊಮ್ಮೆ ಈ ಅಂಕಣದಲ್ಲಿ ನಾವು ಕುವೈತಿನ ಯಾವುದಾದರೊಂದು ಸೂಖ್ ಸುತ್ತಿ ಬಂದು, ಕಂಡದ್ದನ್ನು ನಿಮ್ಮ ಮುಂದಿಡುವುದು ವಾಡಿಕೆ. ಈ ಸಲ ನಾವು ಸುತ್ತಿದ್ದು ಚಿನ್ನಕ್ಕಲ್ಲ, ಖರ್ಜೂರಕ್ಕಲ್ಲ, ಊರಿಗೆ ಒಯ್ಯುವ ಕಂಬಳಿಗೂ ಅಲ್ಲ. ಇಪ್ಪತ್ತು ವರ್ಷದ ಹಿಂದೆ ಎಲ್ಲ ಅಂಗಡಿಯಲ್ಲೂ ರಾಶಿ ಬಿದ್ದಿದ್ದ, ಈಗ ಕೇಳಿದರೆ ಅಂಗಡಿಯವನೇ ಹುಬ್ಬೇರಿಸುವ ಒಂದು ಕಂಪ್ಯೂಟರ್ ಬಿಡಿಭಾಗಕ್ಕೆ.

ಮೊದಲು ಹಿನ್ನೆಲೆ ಹೇಳುತ್ತೇವೆ. ನಮ್ಮ ಕೂಟದ ಹಿರಿಯ ಸದಸ್ಯರೊಬ್ಬರು ಕೆಲಸ ಮುಗಿಸಿ ಖಾಯಂ ಆಗಿ ಊರಿಗೆ ಹೊರಟರು. ಬಹಳ ವರ್ಷ ಈ ವಾರ್ಷಿಕ ಸಂಚಿಕೆಯ ಪುಟಗಳನ್ನು ಜೋಡಿಸಿದವರು ಅವರೇ. ಕಾರ್ಗೋ ಕಟ್ಟುವಾಗ ಒಂದೊಂದು ಕಿಲೋಗೂ ಲೆಕ್ಕ ಹಾಕುವ ಸಂಕಟ ನಿಮಗೆಲ್ಲ ಗೊತ್ತು. ಅವರ ಹಳೆಯ ಟವರ್ ಕಂಪ್ಯೂಟರ್ ಆ ಲೆಕ್ಕದಲ್ಲಿ ಸೋತಿತು. "ಇದು ಆನ್ ಆಗಿ ಎಷ್ಟೋ ವರ್ಷ ಆಯ್ತು ಮಾರಾಯ್ರೇ, ಆದ್ರೆ ಹಳೇ ಸಂಚಿಕೆಗಳೆಲ್ಲ ಇದರೊಳಗೇ ಇವೆ. ನಿಮಗೆ ಬೇಕಾದ್ರೆ ಇಟ್ಕೊಳ್ಳಿ, ಬೇಡಾದ್ರೆ ಎಸೀರಿ" ಎಂದು ಕೂಟಕ್ಕೆ ಒಪ್ಪಿಸಿ ವಿಮಾನ ಹತ್ತಿದರು.

ಎಸೆಯಲು ಮನಸ್ಸು ಬರಲಿಲ್ಲ. ನಾವು ನಾಲ್ವರು ಸೇರಿ ಮುಚ್ಚಳ ಬಿಚ್ಚಿದೆವು. ಒಳಗೆ ಕುವೈತಿನ ಮರುಭೂಮಿಯ ಒಂದು ತುಂಡೇ ಇತ್ತು. ಮದರ್‌ಬೋರ್ಡಿನ ಕೆಪಾಸಿಟರ್‌ಗಳು ತಲೆ ಉಬ್ಬಿಸಿಕೊಂಡು ನಿಂತಿದ್ದವು. ಹಾರ್ಡ್ ಡಿಸ್ಕ್ ಮಾತ್ರ ನೋಡಲು ನೆಟ್ಟಗಿತ್ತು. ಅದರ ಹಿಂಬದಿಯಲ್ಲಿ ಎರಡು ಸಾಲಾಗಿ ನಲವತ್ತು ಪಿನ್ನಿನ ಜಾಗ. ಐಡಿಇ ಎಂದು ಕರೆಯುತ್ತಿದ್ದ ಹಳೆಯ ಮಾದರಿ ಅದು. ಅಗಲವಾದ ಬೂದು ಬಣ್ಣದ ಪಟ್ಟಿ ಕೇಬಲ್ ನೆನಪಿದೆಯಲ್ಲ, ಅದೇ. ಇವತ್ತಿನ ಯಾವ ಲ್ಯಾಪ್‌ಟಾಪಿಗೂ ಅದನ್ನು ನೇರವಾಗಿ ಸೇರಿಸಲಾಗದು. ನಡುವೆ ಒಂದು ದುಭಾಷಿ ಬೇಕು: ಒಂದು ಬದಿ ನಲವತ್ತು ಪಿನ್ನು, ಇನ್ನೊಂದು ಬದಿ ಯುಎಸ್‌ಬಿ.

ದೊಡ್ಡ ಷೋರೂಮುಗಳಲ್ಲಿ ಇದು ಸಿಗುವುದಿಲ್ಲ. ಅಲ್ಲಿರುವುದು ಈ ವರ್ಷದ ಸರಕು. ಹಳೆಯದಕ್ಕೆ ಹೋಗಬೇಕಾದ ಜಾಗ ಹವಲ್ಲಿಯ ಇಬ್ನ್ ಖಲ್ದೂನ್ ಬೀದಿ.

ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ನೋಡಿದವರಿಗೆ ಈ ಬೀದಿಯನ್ನು ವಿವರಿಸಬೇಕಾಗಿಲ್ಲ. ಕೆಳಗಿನ ಮಹಡಿಯಲ್ಲಿ ಹೊಸ ಲ್ಯಾಪ್‌ಟಾಪ್, ಪ್ರಿಂಟರ್, ಇಂಕು. ಒಳಗಿನ ಓಣಿಗೆ ಹೋದಂತೆ ಅಂಗಡಿ ಚಿಕ್ಕದಾಗುತ್ತದೆ, ಸರಕು ಹಳೆಯದಾಗುತ್ತದೆ, ಅಂಗಡಿಯವನ ತಿಳಿವಳಿಕೆ ಹೆಚ್ಚುತ್ತದೆ. ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ಬೋರ್ಡಿಗೆ ಬೆಸುಗೆ ಹಾಕುವವರು ಅಲ್ಲೇ ಕೂತಿರುತ್ತಾರೆ. ಈಜಿಪ್ಟಿನವರು, ಸಿರಿಯಾದವರು, ಕೇರಳದವರು, ಬಾಂಗ್ಲಾದೇಶದವರು, ನಡುನಡುವೆ ನಮ್ಮ ಕರಾವಳಿಯವರೂ ಒಬ್ಬಿಬ್ಬರು. 1990ರ ಯುದ್ಧಕ್ಕೆ ಮೊದಲು ಹವಲ್ಲಿ ಪ್ಯಾಲೆಸ್ತೀನಿಯರ ದೊಡ್ಡ ನೆಲೆಯಾಗಿತ್ತು. ಬಂದವರು ಬದಲಾದರೂ, ಹೊರಗಿನಿಂದ ಬಂದವರು ಕೈಕಸುಬಿನಿಂದ ಬದುಕು ಕಟ್ಟುವ ಊರು ಎಂಬುದು ಬದಲಾಗಿಲ್ಲ.

ಬೀದಿಗೆ ಹೆಸರು ಕೊಟ್ಟ ಇಬ್ನ್ ಖಲ್ದೂನ್ 1332ರಲ್ಲಿ ತ್ಯೂನಿಸ್‌ನಲ್ಲಿ ಹುಟ್ಟಿ 1406ರಲ್ಲಿ ಕೈರೋದಲ್ಲಿ ತೀರಿಕೊಂಡ ಇತಿಹಾಸಕಾರ. ತನ್ನ 'ಮುಕದ್ದಿಮಾ' ಗ್ರಂಥದಲ್ಲಿ ಕಸುಬುಗಳ ಬಗ್ಗೆಯೂ ಬರೆದಿದ್ದಾನೆ. ಕೇಳುವವರು ಹೆಚ್ಚಿದಷ್ಟೂ ಕಸುಬು ಬೆಳೆಯುತ್ತದೆ, ಕೇಳುವವರಿಲ್ಲದಿದ್ದರೆ ಕೈಬಿಟ್ಟು ಹೋಗುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಆರು ಶತಮಾನದ ನಂತರ ಅವನ ಹೆಸರಿನ ಬೀದಿಯಲ್ಲೇ ಈ ಮಾತಿನ ಅರ್ಥ ನಮಗೆ ಆಯಿತು.

ಶುಕ್ರವಾರ ಸಂಜೆ ಹೊರಟೆವು. ಮೊದಲ ಅಂಗಡಿಯಲ್ಲಿ "ಮಾಕು". ಎರಡನೆಯದರಲ್ಲಿ "ಮಾಕು". ಹೊಸದಾಗಿ ಬಂದವರಿಗಾಗಿ ಹೇಳುತ್ತೇವೆ: ಕುವೈತಿ ಆಡುಮಾತಿನಲ್ಲಿ 'ಅಕು' ಎಂದರೆ ಇದೆ, 'ಮಾಕು' ಎಂದರೆ ಇಲ್ಲ. ಈಜಿಪ್ಟಿನವನೂ ಮಲಯಾಳಿಯೂ ಇಲ್ಲಿಗೆ ಬಂದ ಮೇಲೆ ಮೊದಲು ಕಲಿಯುವುದು ಈ ಎರಡು ಪದಗಳನ್ನೇ. ಮೂರನೆಯ ಅಂಗಡಿಯವನು ಡಿಸ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ನಕ್ಕ. "ಸದೀಕ್, ಇದನ್ನ ಯಾರೂ ಕೇಳೋದಿಲ್ಲ. ಎಲ್ಲ ಕಳೆದ ವರ್ಷ ಗುಜರಿಗೆ ಹಾಕಿದೆ" ಎಂದ. ಆರನೆಯ ಅಂಗಡಿಯಲ್ಲಿ, ಕಣ್ಣೂರಿನ ಕಡೆಯ ಒಬ್ಬರು ಏಣಿ ಹತ್ತಿ ಮೇಲಿನ ಅಟ್ಟದಿಂದ ಒಂದು ಧೂಳಿನ ಪೆಟ್ಟಿಗೆ ಇಳಿಸಿದರು. ಅಡಿಯಲ್ಲಿ ಒಂದೇ ಒಂದು ಉಳಿದಿತ್ತು. ಮೂರೂವರೆ ದಿನಾರ್. "ಇದು ಕೊನೇದು ಚೇಟ್ಟಾ, ಇನ್ನು ನಾನು ತರಿಸೋದಿಲ್ಲ" ಎಂದರು.

ಈ ಬೀದಿಯಲ್ಲಿ ಮಾತಿಗಿಂತ ವಸ್ತು ಮುಖ್ಯ. ಕೆಟ್ಟ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗಿ. ಆಗದಿದ್ದರೆ ಅದರ ಮೇಲಿನ ಅಂಟುಚೀಟಿಯ ಫೋಟೋ ತೆಗೆದುಕೊಳ್ಳಿ. ಅರಬ್ಬಿ ಬರದಿದ್ದರೂ, ಹಿಂದಿ ಮುರುಕಾದರೂ, ಅಂಕಿಗಳನ್ನು ಎಲ್ಲರೂ ಓದುತ್ತಾರೆ. ಕಂಪ್ಯೂಟರ್ ಪ್ರತಿ ಸಲ ತಾರೀಖು ಮರೆಯುತ್ತಿದ್ದರೆ ಒಳಗಿನ ಬಿಲ್ಲೆ ಸೆಲ್ ಮುಗಿದಿದೆ ಎಂದರ್ಥ. ಸಾಮಾನ್ಯವಾಗಿ ಅದು ಸಿಆರ್2032. ಆ ಅಂಕಿಯೇ ಅದರ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಲ್ಯಾಪ್‌ಟಾಪಿನ ಮೆಮೊರಿ ಬೇಕಾದರೆ "ನಾಲ್ಕು ಜಿಬಿ ಕೊಡಿ" ಎಂದರೆ ಸಾಲದು. ಡಿಡಿಆರ್3 ಆದರೆ 204 ಪಿನ್ನು, ಡಿಡಿಆರ್4 ಆದರೆ 260. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಚಾರ್ಜರ್ ಕೊಳ್ಳುವಾಗ ವೋಲ್ಟ್ ಹಳೆಯದಕ್ಕೆ ಸರಿಯಾಗಿರಬೇಕು, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಬಾರದು, ಹೆಚ್ಚಿದ್ದರೆ ತೊಂದರೆಯಿಲ್ಲ.

ಭಾಷೆಯೂ ನಾವಂದುಕೊಂಡಷ್ಟು ಪರಕೀಯವಲ್ಲ. 'ಅಸ್ಲಿ' ಎಂದು ಅವನು ಕೇಳಿದರೆ ಅದು ನಮ್ಮ 'ಅಸಲಿ'ಯೇ. ಅಂಗಡಿಗೆ ಅವನು 'ದುಕಾನ್' ಎಂದರೆ ನಮ್ಮ ಉತ್ತರ ಕರ್ನಾಟಕದವರು 'ದುಕಾನ' ಎನ್ನುತ್ತಾರೆ. ವಾರಂಟಿಗೆ ಇಲ್ಲಿ 'ದಮಾನ್'. ನಮ್ಮ 'ಜಾಮೀನು' ಹುಟ್ಟಿದ್ದು ಅದೇ ಅರಬ್ಬಿ ಮೂಲದಿಂದ. ಕಲಿಯಬೇಕಾದ ಇನ್ನೊಂದು ಪದ 'ಮುಸ್ತಅಮಲ್', ಅಂದರೆ ಬಳಸಿದ ವಸ್ತು. "ಜದೀದ್ ಅಥವಾ ಮುಸ್ತಅಮಲ್?" ಎಂದು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳಿ. ಎಷ್ಟು ದಿನದೊಳಗೆ ವಾಪಸು ತರಬಹುದು ಎಂಬುದನ್ನೂ ಬರೆಸಿಕೊಳ್ಳಿ. ಬಾಯಿಮಾತಿನ ದಮಾನಿಗೆ ಬೆಲೆಯಿಲ್ಲ.

ಹವಲ್ಲಿಯಲ್ಲಿ ಸಿಗದದ್ದಕ್ಕೆ ಇನ್ನೊಂದು ಜಾಗ ಅಲ್ ರಾಯ್‌ನ ಸೂಖ್ ಅಲ್ ಜುಮಾ, ನಮ್ಮವರ ಬಾಯಲ್ಲಿ ಫ್ರೈಡೇ ಮಾರ್ಕೆಟ್. ರತ್ನಗಂಬಳಿ, ಸೋಫಾ, ಹಕ್ಕಿ ಪಂಜರಗಳ ನಡುವೆ ನೆಲದ ಮೇಲೆ ಹಾಸಿದ ಬಟ್ಟೆಯಲ್ಲಿ ಹಳೆಯ ಕೀಬೋರ್ಡು, ಕೇಬಲ್ಲು, ಚಾರ್ಜರ್‌ಗಳ ಗುಡ್ಡೆ ಸಿಗುತ್ತದೆ. ಇಲ್ಲಿ ಕೈ ಹಾಕಿ ಹುಡುಕುವವನಿಗೆ ಲಾಭ, ಆತುರದವನಿಗೆ ನಷ್ಟ. ಕೇಬಲ್ ಕೊಳ್ಳಿ, ತೊಂದರೆಯಿಲ್ಲ. ಆದರೆ ನೂರಾರು ಜಿಬಿ ಎಂದು ಬರೆದ ಪೆನ್‌ಡ್ರೈವ್ ಬಹಳ ಅಗ್ಗವಾಗಿ ಸಿಕ್ಕಿದರೆ ಎಚ್ಚರ. ಒಳಗೆ ಸಣ್ಣ ಚಿಪ್ ಇಟ್ಟು, ಕಂಪ್ಯೂಟರಿಗೆ ಮಾತ್ರ ದೊಡ್ಡ ಅಳತೆ ತೋರಿಸುವಂತೆ ಮಾಡಿದ ನಕಲಿಗಳಿವೆ. ಅವುಗಳಿಗೆ ಹಾಕಿದ ಫೋಟೋ ಹೆಸರಿಗೆ ಮಾತ್ರ ಇರುತ್ತದೆ, ತೆರೆದರೆ ಏನೂ ಇರುವುದಿಲ್ಲ. ಹೊಸ ಪೆನ್‌ಡ್ರೈವನ್ನು ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ತೆರೆದು ನೋಡಿದ ಮೇಲೆಯೇ ನಂಬಿ.

ನಮ್ಮೊಂದಿಗೆ ಬಂದ ಗೆಳೆಯರೊಬ್ಬರು ಅಹ್ಮದಿ ಕಡೆ ಯಂತ್ರ ನಿರ್ವಹಣೆಯ ಕೆಲಸದಲ್ಲಿರುವವರು. ಅವರಿಗೆ ಬೇಕಿದ್ದದ್ದು ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ಲು, ಇನ್ನೊಂದು ತುದಿಗೆ ಯುಎಸ್‌ಬಿ. ಕಾರ್ಖಾನೆಯ ಹಳೆಯ ಯಂತ್ರಗಳು, ತೂಕದ ಯಂತ್ರಗಳು ಇಂದಿಗೂ ಆ ಒಂಬತ್ತು ಪಿನ್ನಿನಲ್ಲೇ ಮಾತಾಡುತ್ತವೆ. ಈ ಕೇಬಲ್ಲಿನ ಹೊಟ್ಟೆಯೊಳಗೆ ಒಂದು ಚಿಪ್ ಇರುತ್ತದೆ, ಅದರಲ್ಲೂ ಅಸಲಿ ನಕಲಿ ಇದೆ. 2014ರಲ್ಲಿ ಎಫ್‌ಟಿಡಿಐ ಎಂಬ ಚಿಪ್ ಕಂಪನಿ ಹೊರತಂದ ಹೊಸ ಡ್ರೈವರ್, ತನ್ನ ಹೆಸರಿನ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತು. ಅಲ್ಲಿಯವರೆಗೆ ಕೆಲಸ ಮಾಡುತ್ತಿದ್ದ ಕೇಬಲ್ಲುಗಳು ಒಮ್ಮೆಲೇ ಸತ್ತವು, ಕೊಂಡವರಿಗೆ ಕಾರಣವೇ ತಿಳಿಯಲಿಲ್ಲ. ಆದ್ದರಿಂದ ಹೊಟ್ಟೆಪಾಡಿಗೆ ಬೇಕಾದ ಕೇಬಲ್ಲನ್ನು ಗುಡ್ಡೆಯಿಂದ ಆರಿಸಬೇಡಿ. ನಾಳೆ ಹೋಗಿ ಕೇಳಬಹುದಾದ ಅಂಗಡಿಯಿಂದ, ನಿಮ್ಮ ಲ್ಯಾಪ್‌ಟಾಪಿಗೇ ಸಿಕ್ಕಿಸಿ ನೋಡಿ ಕೊಳ್ಳಿ. ಗೆಳೆಯರು ಹಾಗೆಯೇ ಮಾಡಿದರು.

ನಮ್ಮ ಡಿಸ್ಕಿನ ಕಥೆಗೆ ಬರೋಣ. ಹಳೆಯ ಟವರ್ ಕಂಪ್ಯೂಟರಿನ ಮೂರೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯಿಂದ ಬರುವ ಕರೆಂಟು ಸಾಲದು. ಅದಕ್ಕೆ 12 ವೋಲ್ಟೂ ಬೇಕು, 5 ವೋಲ್ಟೂ ಬೇಕು. ಆದ್ದರಿಂದ ದುಭಾಷಿ ಕೇಬಲ್ ಕೊಳ್ಳುವಾಗ ಜೊತೆಗೆ ನಾಲ್ಕು ಪಿನ್ನಿನ ಪವರ್ ಅಡಾಪ್ಟರ್ ಇದೆಯೇ ಎಂದು ನೋಡಲೇಬೇಕು. ಹಳೆಯ ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಐಡಿಇ ಡಿಸ್ಕಾದರೆ 44 ಪಿನ್ನು, ಅದಕ್ಕೆ 5 ವೋಲ್ಟ್ ಸಾಕು. ಡಿಸ್ಕಿನ ಹಿಂದೆ ಬೆರಳ ಉಗುರಿಗಿಂತ ಚಿಕ್ಕದಾದ ಜಂಪರ್ ಇರುತ್ತದೆ. ಡಿಸ್ಕಿನ ಮೇಲಿನ ಚಿತ್ರ ನೋಡಿ ಅದನ್ನು 'ಮಾಸ್ಟರ್' ಜಾಗಕ್ಕೆ ಹಾಕಿದೆವು. ಪವರ್ ಕೊಟ್ಟೆವು. ತಿರುಗುವ ಸದ್ದು ಬಂತು. ಟಕ್ ಟಕ್ ಎಂಬ ಸದ್ದು ಬಂದಿದ್ದರೆ ಕೂಡಲೇ ಆರಿಸಬೇಕಿತ್ತು. ಅದು ಒಳಗಿನ ಓದುವ ತೋಳು ಸೋತ ಲಕ್ಷಣ, ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಉಳಿದದ್ದೂ ಹಾಳಾಗುತ್ತದೆ. ಅಂಥ ಡಿಸ್ಕನ್ನು ಪರಿಣತರ ಕೈಗೇ ಕೊಡಬೇಕು.

ನಮ್ಮದು ಟಕ್ ಎನ್ನಲಿಲ್ಲ. ಪರದೆಯ ಮೇಲೆ ಕಡತಗಳು ಒಂದೊಂದಾಗಿ ತೆರೆದವು. ತೆರೆದರೆ ಕನ್ನಡವಿಲ್ಲ! ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಅರ್ಥವಿಲ್ಲದ ಗುರುತುಗಳ ಸಂತೆ.

ಗಾಬರಿಯಾಗಬೇಕಿಲ್ಲ, ಇದಕ್ಕೆ ಕಾರಣವಿದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗ ಇದೆ. ಆದರೆ ಅದು ಎಲ್ಲರ ಕೈಗೆ ಬರುವವರೆಗೆ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಪುಟ ಜೋಡಿಸಿದ್ದು ಪೇಜ್‌ಮೇಕರ್‌ನಲ್ಲಿ. 2001ರ ಏಳನೆಯ ಆವೃತ್ತಿಯೇ ಅದರ ಕೊನೆಯದು. ಪರಿಹಾರ ಮಾತ್ರ ಅದೇ ಡಿಸ್ಕಿನಲ್ಲಿತ್ತು. ವಿಂಡೋಸ್ ಫೋಲ್ಡರಿನೊಳಗಿನ 'ಫಾಂಟ್ಸ್' ಎಂಬ ಫೋಲ್ಡರಿನಲ್ಲಿ ಹಿರಿಯರು ಬಳಸಿದ ಅಷ್ಟೂ ಕನ್ನಡ ಫಾಂಟುಗಳು ಹಾಗೆಯೇ ಇದ್ದವು. ಅವನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿದ್ದೇ ತಡ, ಬರಿಯ ಪಠ್ಯವಾಗಿ ಇಟ್ಟಿದ್ದ ಲೇಖನಗಳು ಕನ್ನಡವಾಗಿ ಎದ್ದು ನಿಂತವು. ಆಮೇಲೆ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯುನಿಕೋಡಿಗೆ ತಂದೆವು. ಪರಿವರ್ತನೆಯಲ್ಲಿ ಅರ್ಕಾವತ್ತು ಆಗಾಗ ಜಾಗ ತಪ್ಪುತ್ತದೆ, ಕೂತು ತಿದ್ದಬೇಕು. ಕೂಟದ ಇಬ್ಬರು ಅಕ್ಕಂದಿರು ಈಗ ವಾರಕ್ಕೊಂದಿಷ್ಟು ಪುಟದಂತೆ ತಿದ್ದುತ್ತಿದ್ದಾರೆ. ಅವರ ಲ್ಯಾಪ್‌ಟಾಪಿನ ಕೀಲಿಗಳ ಮೇಲಿರುವುದು ಅರಬ್ಬಿ ಮತ್ತು ಇಂಗ್ಲಿಷ್ ಅಕ್ಷರ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಂಗ್ಲಿಷ್ ಅಕ್ಷರದ ಉಚ್ಚಾರಣೆಯನ್ನೇ ಅನುಸರಿಸುವುದರಿಂದ, ಕನ್ನಡ ಅಕ್ಷರ ಅಚ್ಚಾದ ಕೀಬೋರ್ಡನ್ನು ಹವಲ್ಲಿಯಲ್ಲಿ ಹುಡುಕುವ ಅಗತ್ಯವೇ ಬೀಳಲಿಲ್ಲ.

ತಮ್ಮ ಲಿಪಿಗಾಗಿ ಕಂಪ್ಯೂಟರನ್ನು ಬಗ್ಗಿಸಿದವರು ನಾವು ಮಾತ್ರವೇ ಅಲ್ಲ. 1980ರ ದಶಕದಲ್ಲಿ ಇದೇ ಕುವೈತಿನ ಮುಹಮ್ಮದ್ ಅಲ್ ಶಾರಿಖ್ ಅವರ ಅಲ್ ಆಲಮಿಯಾ ಕಂಪನಿ 'ಸಖ್ರ್' ಹೆಸರಿನ ಕಂಪ್ಯೂಟರುಗಳನ್ನು ತಂದಿತು. ಜಪಾನಿನ ಎಂಎಸ್‌ಎಕ್ಸ್ ಮಾದರಿಯ ಯಂತ್ರಕ್ಕೆ ಬಲದಿಂದ ಎಡಕ್ಕೆ ಓಡುವ ಅರಬ್ಬಿ ಬರವಣಿಗೆ ಕಲಿಸಿದವರು ಅವರು. ಅರಬ್ ನಾಡುಗಳ ಒಂದು ತಲೆಮಾರಿನ ಮಕ್ಕಳು ಮೊದಲ ಕಂಪ್ಯೂಟರ್ ಎಂದು ಮುಟ್ಟಿದ್ದು ಅದನ್ನೇ. ಈಗ ಹಳೆಯ ವಸ್ತು ಸಂಗ್ರಹಿಸುವವರು ಅದನ್ನು ಹುಡುಕಿಕೊಂಡು ಅಲೆಯುತ್ತಾರೆ. ಕೇಳುವವರಿದ್ದಾರೆ, ಆದ್ದರಿಂದ ಅದು ಉಳಿದಿದೆ. ನಮ್ಮ ನಲವತ್ತು ಪಿನ್ನಿಗೆ ಆ ಭಾಗ್ಯವಿಲ್ಲ.

ಇನ್ನು, ನಮ್ಮ ಕಂಪ್ಯೂಟರುಗಳು ಇಲ್ಲಿ ಬೇಗ ಸಾಯುವುದೇಕೆ? 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಕೆಪಾಸಿಟರ್ ಬಿಸಿಯಾದಷ್ಟೂ ಒಳಗಿನ ದ್ರವ ಆರುತ್ತದೆ. ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಎಸಿ ಆರಿಸಿ ಎರಡು ತಿಂಗಳು ರಜೆಗೆ ಹೋದಾಗ ಮುಚ್ಚಿದ ಕೋಣೆ ಎಷ್ಟು ಕಾಯುತ್ತದೆ ಎಂದು ನಿಮಗೇ ಗೊತ್ತು. ಅದರ ಮೇಲೆ ಧೂಳಿನ ಬಿರುಗಾಳಿ. ಫ್ಯಾನಿನ ಬಾಯಿ ಧೂಳಿನಿಂದ ಕಟ್ಟಿದರೆ ಬಿಸಿ ಹೊರಹೋಗುವ ದಾರಿಯೇ ಇಲ್ಲ. ವರ್ಷಕ್ಕೊಮ್ಮೆಯಾದರೂ ಒಳಗಿನ ಧೂಳು ತೆಗೆಸಿ, ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟ್ ಬದಲಾಯಿಸಿ. ಹವಲ್ಲಿಯಲ್ಲಿ ಅದು ಚಹಾ ಕುಡಿದು ಬರುವಷ್ಟರೊಳಗೆ ಆಗುವ ಕೆಲಸ. ಬ್ಯಾಟರಿ ಉಬ್ಬಿ ಲ್ಯಾಪ್‌ಟಾಪಿನ ಹೊಟ್ಟೆ ಮೇಲೆದ್ದಿದ್ದರೆ ಮಾತ್ರ ಅದನ್ನು ಅದುಮಲೂ ಬೇಡಿ, ಚಾರ್ಜಿಗೆ ಹಾಕಲೂ ಬೇಡಿ.

ಊರಿಗೆ ಒಯ್ಯುವವರಿಗೆ ಎರಡು ಮಾತು. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಆ ಅಂಕಿ ಬ್ಯಾಟರಿಯ ಮೇಲೆಯೇ ಬರೆದಿರುತ್ತದೆ. ಕರೆಂಟಿನ ಚಿಂತೆ ಬೇಡ: ಇಲ್ಲಿ 240 ವೋಲ್ಟ್, ಅಲ್ಲಿ 230, ಎರಡೂ ಕಡೆ 50 ಹರ್ಟ್ಜ್. ಬದಲಾಗುವುದು ಪ್ಲಗ್ಗಿನ ಕಾಲು ಮಾತ್ರ. ಇಲ್ಲಿನದು ಚಪ್ಪಟೆ, ನಮ್ಮದು ದುಂಡು. ಊರಿನಲ್ಲಿ ಒಂದು ಪವರ್ ಕೇಬಲ್ ಕೊಂಡರೆ ಮುಗಿಯಿತು.

ಇಷ್ಟೆಲ್ಲ ಹೇಳಿದ್ದು ಒಂದು ವಿನಂತಿಗಾಗಿ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ, ಅಬ್ಬಾಸಿಯಾ ಆಗಲಿ, ಮಂಗಾಫ್ ಆಗಲಿ, ಸಾಲ್ಮಿಯಾ ಆಗಲಿ, ಮಂಚದ ಕೆಳಗೆ ಒಂದು ಸತ್ತ ಕಂಪ್ಯೂಟರ್ ಇದ್ದೇ ಇದೆ. ಮಗುವಿನ ಮೊದಲ ಹೆಜ್ಜೆ, ಈಗಿಲ್ಲದ ಅಪ್ಪನ ಧ್ವನಿ, ರಾಜ್ಯೋತ್ಸವದ ನಾಟಕದ ಫೋಟೋ, ಎಲ್ಲವೂ ಅದರೊಳಗಿರಬಹುದು. ಜೊತೆಗೆ ನಿಮ್ಮ ಪಾಸ್‌ಪೋರ್ಟ್, ಸಿವಿಲ್ ಐಡಿಯ ಪ್ರತಿಗಳೂ ಇರುತ್ತವೆ. ಆದ್ದರಿಂದ ಕಂಪ್ಯೂಟರನ್ನು ಇಡಿಯಾಗಿ ಗುಜರಿಗೆ ಕೊಡಬೇಡಿ. ಪೆಟ್ಟಿಗೆ ಎಸೆಯಿರಿ, ಡಿಸ್ಕ್ ಉಳಿಸಿ. ಅದು ಅಂಗೈ ಅಗಲದ್ದು, ಕಾರ್ಗೋದಲ್ಲಿ ಅದರ ಭಾರ ಒಂದು ಕಿಲೋಗೂ ಕಡಿಮೆ. ಒಳಗಿನದನ್ನು ಎರಡು ಕಡೆ ಪ್ರತಿ ಮಾಡಿ, ಒಂದು ಇಲ್ಲಿರಲಿ, ಒಂದು ಊರಿನಲ್ಲಿರಲಿ.

ಊರಿಗೆ ಹೋದ ಮೇಲೆ ಮಾಡಿದರಾಯಿತು ಎನ್ನಬೇಡಿ. ಡಿಸ್ಕು ಹಾಳಾಗದೆ ಉಳಿದರೂ ಅದನ್ನು ತೆರೆಯುವ ಕೇಬಲ್ಲು ಅಂಗಡಿಗಳಲ್ಲಿ ಉಳಿಯುವುದಿಲ್ಲ. ಕೇಳುವವರು ಕಡಿಮೆಯಾದಂತೆ ಅಟ್ಟದ ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ.

ಮೂರೂವರೆ ದಿನಾರಿನ ಆ ಕೇಬಲ್ಲು ಈಗ ಕೂಟದ ಕಪಾಟಿನಲ್ಲಿದೆ. ಅದಕ್ಕೆ ನಲವತ್ತು ಪಿನ್ನು, ನಲವತ್ತನಾಲ್ಕು ಪಿನ್ನು, ಸಾಟಾ ಎಂಬ ಮೂರು ಬಾಯಿಗಳಿವೆ, ಹೆಚ್ಚಿನ ಡಿಸ್ಕುಗಳಿಗೆ ಸಾಕು. ಯಾರಿಗೆ ಬೇಕಾದರೂ ಶುಕ್ರವಾರದ ಸಭೆಗೆ ಡಿಸ್ಕ್ ತನ್ನಿ, ನಿಮ್ಮ ಎದುರಿನಲ್ಲೇ ತೆರೆದು, ನಿಮ್ಮ ಪೆನ್‌ಡ್ರೈವಿಗೆ ಹಾಕಿಕೊಡುತ್ತೇವೆ. ಬಾಡಿಗೆಯಿಲ್ಲ. ಬರುವಾಗ ಪೆನ್‌ಡ್ರೈವ್ ಅಸಲಿಯೋ ಎಂದು ಒಮ್ಮೆ ನೋಡಿಕೊಂಡು ಬನ್ನಿ, ಅಷ್ಟೇ.